ಗಂಟು ಮೊದಲು ಹೊರಟಿತು

ಆ ಸೋಮವಾರವೂ ಉಳಿದ ಸೋಮವಾರಗಳ ಹಾಗೆಯೇ ಬೆಳಗಾಯಿತು. ಹಿತ್ತಿಲ ಬಾಗಿಲು ತೆಗೆದು, ನೀರೊಲೆಗೆ ಕಬ್ಬಿನ ತರಗು ತುರುಕಿ, ಕೊಟ್ಟಿಗೆ ಗುಡಿಸಿ, ಬಾಗಿಲಿಗೆ ಸಗಣಿ ನೀರು ಹಾಕಿ ರಂಗೋಲಿ ಬಿಟ್ಟೆ. ಕಬ್ಬಿನ ತರಗು ಹೊತ್ತಿಕೊಳ್ಳುವಾಗ ಒಂದು ಸಿಹಿ ವಾಸನೆ ಏಳುತ್ತದೆ. ಅದು ನಡುಮನೆಗೆ ಬಂದ ಮೇಲೆಯೇ ನಮ್ಮ ಮಳವಳ್ಳಿಯ ಮನೆಯಲ್ಲಿ ಬೆಳಗಾಯಿತು ಎಂದು ಲೆಕ್ಕ. ಆಮೇಲೆ ಅತ್ತೆಗೆ ಬೆಲ್ಲದ ಕಾಫಿ ಕಾಸಿದೆ. ಸಕ್ಕರೆ ತಯಾರಾಗುವುದು ಮಂಡ್ಯದಲ್ಲಿ, ನನ್ನ ಗಂಡ ದುಡಿಯುವುದೂ ಅಲ್ಲಿನ ಕಾರ್ಖಾನೆಯಲ್ಲಿ, ಆ ಸಕ್ಕರೆಯ ನಡುವೆಯೇ. ಆದರೂ ರೇಷನ್ನಿನ ಆ ಕಾಲದಲ್ಲಿ ನಾವು ಕುಡಿಯುತ್ತಿದ್ದದ್ದು ಬೆಲ್ಲದ ಕಾಫಿ.

ಅತ್ತೆ ಹಿತ್ತಾಳೆ ಲೋಟವನ್ನು ಸೆರಗಿನಲ್ಲಿ ಹಿಡಿದು ಒಂದು ಗುಟುಕು ಕುಡಿದರು. ನಾನು ಮದುವೆಯಾಗಿ ಬಂದಂದಿನಿಂದ ದಿನವೂ ಮೊದಲ ಗುಟುಕಿಗೆ ಅವರ ಮಾತು ಒಂದೇ: "ಬಿಸಿ ಸಾಲ್ದು." ಆ ದಿನ ಅದನ್ನು ಹೇಳಲಿಲ್ಲ. ಲೋಟದ ಅಂಚಿನ ಮೇಲಿಂದ ಗೋಡೆಯ ಗೂಟವನ್ನೇ ನೋಡುತ್ತ ಕೂತರು. ಶನಿವಾರ ಸಂಜೆಯಿಂದ ನನ್ನ ಬಟ್ಟೆಯ ಗಂಟು ತೂಗುತ್ತಿದ್ದ ಗೂಟ ಅದು. ಈಗ ಖಾಲಿ. ಗಂಟು ಹಿಂದಿನ ಸಂಜೆಯೇ ಮನೆ ಬಿಟ್ಟು, ಪಕ್ಕದ ಮನೆಯಲ್ಲಿ ರಾತ್ರಿ ಕಳೆದಿತ್ತು.

ಗಂಟಿನ ವಿಷಯ ಹೇಳಬೇಕಾದರೆ ಶನಿವಾರ ಬಂದ ತಂತಿಯಿಂದ ಶುರು ಮಾಡಬೇಕು.

ದೇಶಕ್ಕೆ ಸ್ವಾತಂತ್ರ್ಯ ಬರಲು ಇನ್ನು ಕೆಲವು ತಿಂಗಳಿದ್ದ ಕಾಲ. ನನ್ನ ತಾಯಿ ಬೆಂಗಳೂರಿನಲ್ಲಿದ್ದರು. ತಂದೆ ತೀರಿಕೊಂಡಿದ್ದರು. ಒಬ್ಬನೇ ಅಣ್ಣ ಮದ್ರಾಸಿನ ಒಂದು ಕಂಪನಿಯಲ್ಲಿದ್ದ. ತಾಯಿಯ ಎರಡು ಕಣ್ಣಿಗೂ ಪೊರೆ ಬಂದು ಒಂದು ಪೂರ್ತಿ ಮುಚ್ಚಿಹೋಗಿತ್ತು. ಇನ್ನೊಂದರಲ್ಲಿ, ಅವರೇ ಹೇಳುತ್ತಿದ್ದ ಹಾಗೆ, ಹಾಲು ಬೆರೆಸಿದ ನೀರಿನೊಳಗೆ ಕಂಡಷ್ಟು ಕಾಣುತ್ತಿತ್ತು. ಮದ್ರಾಸಿನಲ್ಲಿ ಆಪರೇಷನ್ ಎಂದು ಗೊತ್ತಾಯಿತು. ರೈಲಿನ ಹೊಗೆ, ಕಿಡಿ ಆ ಕಣ್ಣಿಗೆ ಕೂಡದು ಎಂದು ಡಾಕ್ಟರು ಹೇಳಿದ್ದರಿಂದ ಅಣ್ಣ ವಿಮಾನದಲ್ಲಿ ಕರೆದೊಯ್ಯಲು ನಿಶ್ಚಯಿಸಿದ್ದ. ತಾನು ಸೋಮವಾರ ಬೆಳಿಗ್ಗೆ ವಿಮಾನದಲ್ಲಿ ಬೆಂಗಳೂರಿಗೆ ಬರುತ್ತೇನೆ, ಮಂಗಳವಾರ ಅಮ್ಮನೊಂದಿಗೆ ವಿಮಾನದಲ್ಲೇ ಹಿಂತಿರುಗುತ್ತೇನೆ, ಕಣ್ಣಿಗೆ ಪಟ್ಟಿ ಕಟ್ಟುವ ಮೊದಲು ನಿನ್ನ ಮುಖ ನೋಡಬೇಕು ಎನ್ನುತ್ತಿದ್ದಾಳೆ, ಬಾ. ತಂತಿಯಲ್ಲಿದ್ದದ್ದು ಇಷ್ಟು.

ಪೊರೆ ತೆಗೆಸಿಕೊಂಡು ಮತ್ತೆ ಸೂಜಿಗೆ ದಾರ ಪೋಣಿಸಿದವರು ಆ ಕಾಲದಲ್ಲಿ ಇದ್ದರು. ಇದ್ದ ಮಬ್ಬು ಬೆಳಕನ್ನೂ ಕಳೆದುಕೊಂಡವರೂ ಇದ್ದರು. ತಾಯಿಗೆ ಅದು ಗೊತ್ತಿತ್ತು. ನನಗೂ ಗೊತ್ತಿತ್ತು.

ತಂತಿ ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಅತ್ತೆಗೆ ಹೇಳಿದೆ. ಅವರು ಕೇಳಿದ ಮೊದಲ ಪ್ರಶ್ನೆ, "ಕರಿಯಾಕೆ ಯಾರ್ ಬತ್ತಾರೆ?"

"ಯಾರೂ ಬರಲ್ಲ ಅತ್ತೆ. ಅಣ್ಣನಿಗೆ ಪುರುಸೊತ್ತಿಲ್ಲ."

"ಮದ್ರಾಸಿಂದ ಬೆಂಗ್ಳೂರ್ಗೆ ಬರಾಕೆ ಪುರುಸೊತ್ತದೆ, ಬೆಂಗ್ಳೂರಿಂದ ಮಳವಳ್ಳಿಗೆ ಬರಾಕೆ ಇಲ್ವಾ?"

ಪ್ರಶ್ನೆಯಲ್ಲಿ ತಪ್ಪೇನಿರಲಿಲ್ಲ. ಮಧ್ಯಾಹ್ನ ಅವರು ಮಲಗಿದಾಗ ಟ್ರಂಕಿನಿಂದ ನನ್ನ ಶಾಲೆಯ ಭೂಪಟದ ಪುಸ್ತಕ ತೆಗೆದೆ. ಕಾನ್ವೆಂಟಿನಲ್ಲಿ ನಮಗೆ ಭೂಗೋಳ ಕಲಿಸುತ್ತಿದ್ದ ಮದರ್, ಊರಿಂದ ಊರಿಗೆ ದೂರ ಅಳೆಯಲು ಎಲ್ಲರ ಕೈಗೂ ಒಂದೊಂದು ಹೊಲಿಗೆ ದಾರ ಕೊಡುತ್ತಿದ್ದರು. ನಕ್ಷೆಯ ಮೇಲೆ ದಾರವನ್ನು ಬಿಗಿಯಾಗಿ ಹಿಡಿಯಬೇಕು, ಉಗುರಿನಿಂದ ಗುರುತು ಮಾಡಬೇಕು, ಪುಟದ ಕೆಳಗಿನ ಮೈಲಿಗಳ ಅಳತೆಗೆ ಹಚ್ಚಬೇಕು. ಆ ಪುಸ್ತಕದಲ್ಲಿ ಮಳವಳ್ಳಿ ಇರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ನಾನೇ ಪೆನ್ಸಿಲಿನಿಂದ ಒಂದು ಚುಕ್ಕಿ ಇಟ್ಟಿದ್ದೆ.

ಮೊದಲು ಮದ್ರಾಸಿನಿಂದ ಬೆಂಗಳೂರಿಗೆ ದಾರ ಹಿಡಿದೆ. ವಿಮಾನದಲ್ಲಿ ಅದು ಒಂದೂವರೆ ಗಂಟೆಯ ದಾರಿ ಎಂದು ಅಣ್ಣ ಹಿಂದೊಮ್ಮೆ ಬರೆದಿದ್ದ. ಆಮೇಲೆ ನನ್ನ ಚುಕ್ಕಿಯಿಂದ ಬೆಂಗಳೂರಿಗೆ ಹಿಡಿದೆ. ಮೊದಲಿನ ದಾರದ ಮೂರನೇ ಒಂದು ಪಾಲೂ ಇಲ್ಲ. ರೆಕ್ಕೆಯಿದ್ದರೆ ನನ್ನ ತಾಯಿ ಅರ್ಧ ಗಂಟೆಯ ದೂರದಲ್ಲಿದ್ದರು. ಆದರೆ ನನ್ನ ದಾರ ನೇರವಾಗಿ ಹೋಗುವಂತಿರಲಿಲ್ಲ. ಮಳವಳ್ಳಿಗೆ ರೈಲಿಲ್ಲ. ಬಸ್ಸಿನಲ್ಲಿ ಉತ್ತರಕ್ಕೆ ಮದ್ದೂರಿಗೆ ಹೋಗಿ, ಅಲ್ಲಿ ರೈಲು ಹಿಡಿದು ಪೂರ್ವಕ್ಕೆ ತಿರುಗಬೇಕು. ಮದ್ದೂರಿನ ಮೇಲೆ ಬೆರಳೊತ್ತಿ ದಾರವನ್ನು ಬಾಗಿಸಿದೆ. ಒಂದು ಹಗಲು ಪೂರ್ತಿ ಬೇಕು.

ಇಷ್ಟೂ ನಕ್ಷೆಯ ಲೆಕ್ಕ. ಮನೆಯ ಲೆಕ್ಕ ಬೇರೆಯಿತ್ತು. ಸೊಸೆ ತೌರಿಗೆ ಹೋಗಬೇಕಾದರೆ ತೌರಿನ ಕಡೆಯಿಂದ ಯಾರಾದರೂ ಬಂದು, ಉಂಡು, ಕರೆದುಕೊಂಡು ಹೋಗಬೇಕು. ಕರೆಯಲು ಯಾರೂ ಬರದಿದ್ದರೆ ತೌರು ಪಕ್ಕದ ಬೀದಿಯಲ್ಲಿದ್ದರೂ ಅದಕ್ಕೆ ದಾರಿಯಿಲ್ಲ. ಅಣ್ಣ ಒಂದೂವರೆ ಗಂಟೆಯಲ್ಲಿ ಅಷ್ಟು ದೂರ ಹಾರಿ ಬರುತ್ತಾನೆ, ಉಳಿದ ಇಷ್ಟು ದೂರಕ್ಕೆ ಅವನ ಬಳಿ ಹಗಲಿಲ್ಲ. ಅದಕ್ಕೆ ನಾನು ಮನೆಯಲ್ಲಿ ಕೂರಬೇಕು. ಈ ಲೆಕ್ಕ ನನಗೆ ಎಷ್ಟು ಬಾರಿ ಮಾಡಿದರೂ ಕೂಡಲಿಲ್ಲ.

ಸಂಜೆ ಅತ್ತೆಗೆ ಹೇಳಿದೆ. "ಸೋಮವಾರ ನಾನು ಹೋಗ್ತೀನಿ ಅತ್ತೆ."

ಭಾನುವಾರವೇ ಹೊರಡಬಹುದಿತ್ತಲ್ಲ ಎಂದರೆ, ಭಾನುವಾರ ಬಸ್ಸಿಲ್ಲ. ಯುದ್ಧ ಮುಗಿದಿದ್ದರೂ ನಮ್ಮೂರ ಬಸ್ಸು ಇನ್ನೂ ಪೆಟ್ರೋಲು ಕಂಡಿರಲಿಲ್ಲ. ಅದರ ಬೆನ್ನಿಗೆ ಕಟ್ಟಿದ್ದ ಇದ್ದಿಲಿನ ಒಲೆಯಿಂದ ಬರುವ ಗ್ಯಾಸಿನಲ್ಲಿ ಓಡುತ್ತಿತ್ತು. ಭಾನುವಾರ ಒಲೆಯ ಬೂದಿ ಬಗೆದು ತೊಳೆಯುವ ದಿನ.

ಅತ್ತೆ ಕರೆಯುವವರ ಮಾತು ಎತ್ತಲಿಲ್ಲ. ಬೆರಳು ಮಡಚಿ ಎಣಿಸಿ, "ಸೋಮಾರ ಮೂಡ್ಲಾಗೆ ಸೂಲ ಅದೆ," ಎಂದರು.

ವಾರಶೂಲದ ಲೆಕ್ಕ ಆ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಒಂದೊಂದು ವಾರ ಒಂದೊಂದು ದಿಕ್ಕಿಗೆ ಪ್ರಯಾಣ ಕೂಡದು. ಸೋಮವಾರ, ಶನಿವಾರ ಪೂರ್ವಕ್ಕೆ ಹೊರಟರೆ ಎದುರಿಗೆ ಶೂಲ ನಿಂತಿರುತ್ತದೆ. ಬೆಂಗಳೂರು ನಮಗೆ ಪೂರ್ವ.

"ಬಸ್ಸು ಹೋಗೋದು ಬಡಗಲಿಗೆ ಅಲ್ವಾ ಅತ್ತೆ, ಮದ್ದೂರಿಗೆ? ಸೋಮವಾರ ಬಡಗಲಿಗೆ ಶೂಲ ಇಲ್ಲವಲ್ಲ."

"ನೀನೇನು ಮದ್ದೂರ್ಗೆ ಓಯ್ತಿದ್ದೀಯೇನಮ್ಮಿ? ಬೆಂಗ್ಳೂರ್ಗೆ ತಾನೆ ಓಯ್ತಿರಾದು? ಸೂಲ ಬಸ್ಸಿಗಲ್ಲ ಕಣಮ್ಮಿ, ನಿಂಗೆ."

ಭೂಗೋಳದಲ್ಲಿ ನನಗೆ ಬಹುಮಾನ ಬಂದಿತ್ತು. ಆದರೆ ಈ ದಿಕ್ಕಿನ ಲೆಕ್ಕ ನಮ್ಮ ಪುಸ್ತಕದಲ್ಲಿರಲಿಲ್ಲ.

ಪರಿಹಾರ ಮಾತ್ರ ಅವರ ಲೆಕ್ಕದಲ್ಲೇ ಇತ್ತು. ಶೂಲದ ದಿನ ಹೋಗಲೇಬೇಕಾದವರು ಹಿಂದಿನ ದಿನವೇ ತಮ್ಮ ಗಂಟನ್ನೋ ಕೊಡೆಯನ್ನೋ ಹೋಗುವ ದಿಕ್ಕಿನ ಒಂದು ಮನೆಯಲ್ಲಿ ಇಟ್ಟು ಬರುತ್ತಾರೆ. ಪ್ರಸ್ಥಾನ ಇಡುವುದು ಎಂದು ಅದಕ್ಕೆ ಹೆಸರು. ಅಲ್ಲಿಗೆ ಪ್ರಯಾಣ ಶುರುವಾದ ಹಾಗೆ. ಮರುದಿನ ನಡೆಯುವುದು ಮುಂದುವರಿದ ದಾರಿ ಅಷ್ಟೇ, ಶೂಲಕ್ಕೆ ಅದರ ಮೇಲೆ ಹಕ್ಕಿಲ್ಲ. ಇಟ್ಟ ಗಂಟು ಮಾತ್ರ ಮನೆಗೆ ಮರಳಬಾರದು. ನಮ್ಮ ಮನೆಗೆ ಪೂರ್ವದಲ್ಲಿ ಗೋಡೆಗೆ ಗೋಡೆ ಹತ್ತಿದ್ದದ್ದು ಬಸ್ಸು ಓಡಿಸುವ ಸಾಬರ ಮನೆ. ಬಸ್ಸು ಕೆಟ್ಟರೆ ರಿಪೇರಿ ಮಾಡುವವರೂ ಅವರೇ. ತೀರಿಹೋದ ನನ್ನ ಮಾವ ಕೋರ್ಟಿಗೆ ಬೆಂಗಳೂರಿಗೆ ಹೋಗುವಾಗಲೆಲ್ಲ ಆ ಮನೆಯಲ್ಲೇ ಕೊಡೆ ಇಡುತ್ತಿದ್ದರಂತೆ.

"ಪರಸ್ತಾನ ಮಡಗು ಬೇಕಾರೆ," ಎಂದರು ಅತ್ತೆ. ಅವರು ಅಷ್ಟು ಸುಲಭವಾಗಿ ಒಪ್ಪಿದ್ದು ಯಾಕೆಂದು ನನಗೆ ಆಗಲೇ ಗೊತ್ತಿತ್ತು. ಗಂಟು ಹೋದರೆ ಹೋಗಲಿ, ಕರೆಯುವವರಿಲ್ಲದೆ ಸೊಸೆ ಹೊಸಿಲು ದಾಟುವುದಿಲ್ಲವಲ್ಲ.

ಭಾನುವಾರ ಸಂಜೆ ಗಂಟು ಹೊತ್ತು ಪಕ್ಕದ ಮನೆಗೆ ಹೋದೆ. ಸಾಬರ ಹೆಂಡತಿಯನ್ನು ಬೀದಿಯೆಲ್ಲ ಕರೆಯುವ ಹಾಗೆ ನಾನೂ ಬೂಬಮ್ಮ ಎಂದೇ ಕರೆಯುತ್ತಿದ್ದೆ. ಅತ್ತೆಯ ವಯಸ್ಸು, ಅತ್ತೆಗಿಂತ ಗಟ್ಟಿ ಗಂಟಲು. ಗಂಟನ್ನು ಎರಡು ಕೈಯಲ್ಲಿ ತೆಗೆದುಕೊಂಡು ಅಕ್ಕಿ ಡಬ್ಬದ ಮೇಲೆ ಇಟ್ಟು, ಒಂದು ಒಗೆದ ಬಟ್ಟೆ ಹೊದಿಸಿದರು. ಸೊಳ್ಳೆ ಕಚ್ಚಬಾರದೆಂದು ಮಗುವಿಗೆ ಹೊದಿಸುವ ಹಾಗೆ.

"ನಾಳೀಕೆ ಓಯ್ತೀರಾ?"

"ಹೋಗ್ತೀನಿ."

"ಕರಿಯಾಕೆ ಯಾರೂ ಬರ್ನಿಲ್ವಲ್ಲ?"

"ಒಬ್ಬಳೇ ಹೋಗ್ತೀನಿ ಬೂಬಮ್ಮ."

"ಊಂ," ಎಂದರು. ಬೆಳ್ಳುಳ್ಳಿ ಸುಲಿಯಲು ಕೂತರು.

ಅಂತೂ ಸೋಮವಾರದ ಕಾಫಿ ಮುಗಿಯಿತು. ನಾನು ಲೋಟ ತೊಳೆದಿಟ್ಟು, ಸೀರೆ ಬದಲಿಸಿ, ಸೆರಗಿಗೆ ಪಿನ್ನು ಹಾಕಿಕೊಂಡು ನಡುಮನೆಗೆ ಬಂದೆ. ಅತ್ತೆ ಹೊಸಿಲ ಬಳಿ ಮೊರ ಹಿಡಿದು ಅವರೆಕಾಯಿ ಬಿಡಿಸುತ್ತ ಕೂತಿದ್ದರು. ಬೇರೆ ದಿನ ಅವರು ಅದಕ್ಕೆ ಕೂರುವ ಜಾಗ ಹಿತ್ತಿಲು.

"ಗಂಟೇನೋ ಓಯ್ತು. ನೀನೆಂಗ್ ಓಯ್ತೀಯಾ?"

"ಬಸ್ಸಲ್ಲಿ ಅತ್ತೆ."

"ಒಬ್ಳೇಯಾ?"

"ಒಬ್ಬಳೇ."

"ಗಂಡಸು ಒಬ್ನೇ ಓದ್ರೆ ಓದ ಅಂತಾರೆ. ಎಂಗಸು ಒಬ್ಳೇ ಓದ್ರೆ ಓಡೋದ್ಲು ಅಂತಾರೆ. ಗೊತ್ತಾ ನಿಂಗೆ?"

"ಅನ್ನಲಿ ಅತ್ತೆ. ನಾನು ವಾಪಸ್ಸು ಬಂದಾಗ ಅಂದದ್ದನ್ನ ಅವರೇ ನುಂಗಿಕೊಳ್ಳಲಿ."

ಅವರ ಕೈಯಲ್ಲಿದ್ದ ಕಾಯಿ ಅರ್ಧ ಬಿಚ್ಚಿ ನಿಂತಿತು. ಜೋರಾಗಿ ಮಾತಾಡಬಾರದೆಂದು ಕಾನ್ವೆಂಟಿನಲ್ಲಿ ನಮಗೆ ಹೇಳಿ ಹೇಳಿ ಕಲಿಸಿದ್ದರು. ಮೆಲ್ಲಗೆ ಆಡಿದ ಮಾತನ್ನು ಕೇಳಿಸಿಕೊಳ್ಳಲು ಎದುರಿನವರು ಸುಮ್ಮನಾಗಬೇಕಾಗುತ್ತದೆ ಎಂಬುದನ್ನು ನಾನು ಆಮೇಲೆ ಕಲಿತುಕೊಂಡೆ.

"ನಿನ್ ಗಂಡನ್ನ ಕೇಳ್ದಾ?"

"ಕಬ್ಬು ಅರೆಯೋ ಕಾಲ ಅಂತ ಎರಡು ವಾರದಿಂದ ಅವರು ಮನೆಗೇ ಬಂದಿಲ್ಲವಲ್ಲ ಅತ್ತೆ. ಬಂದಿದ್ದರೆ ಹೇಳ್ತಿದ್ದೆ."

"ಕೇಳ್ತಿದ್ದೆ ಅನ್ನು."

"ಹೇಳ್ತಿದ್ದೆ ಅತ್ತೆ."

ಅವರು ಹೊಸಿಲಿನಿಂದ ಏಳಲಿಲ್ಲ. ನಾನು ಅವರನ್ನು ದಾಟಿ ಹೋಗುವಂತಿರಲಿಲ್ಲ. ಹಿರಿಯರು ಕೂತಿರುವಾಗ ದಾಟುವುದು ನನಗೂ ಆಗದ ಮಾತು, ಅದು ಅವರಿಗೂ ಗೊತ್ತು. ಹಿತ್ತಿಲ ಬಾಗಿಲಿನಿಂದ ಹೋಗಬಹುದಿತ್ತು. ಆದರೆ ಹಿತ್ತಿಲಿನಿಂದ ಹೋದರೆ ಅದು ನಿಜವಾಗಿ ಓಡಿಹೋದ ಹಾಗೆ. ನಾನು ಮುಂಬಾಗಿಲಲ್ಲೇ ಹೋಗಬೇಕು ಎಂದು ಗೋಡೆಗೆ ಒರಗಿ ನಿಂತೆ. ಮೊರದಲ್ಲಿ ಅವರೆಕಾಳು ಒಂದೊಂದಾಗಿ ಬೀಳುತ್ತಿದ್ದವು.

ಅಷ್ಟರಲ್ಲಿ ಜಗಲಿಯ ಮೇಲೆ ಯಾರೋ ಚಪ್ಪಲಿ ಬಿಟ್ಟರು.

"ಗೌಡ್ತಮ್ಮಾ, ಇದ್ದೀರಾ? ನಿಮ್ ಸೊಸೇನ ಕರ್ಕಂಡೋಗಾಕೆ ಬಂದಿವ್ನಿ."

ಬೂಬಮ್ಮ! ತಲೆಗೆ ಹೊಸ ದುಪ್ಪಟಿ ಹೊದ್ದು, ಕೈಯಲ್ಲಿ ಬುತ್ತಿಯ ಗಂಟು ಹಿಡಿದು ನಿಂತಿದ್ದರು.

ಅತ್ತೆ ಕತ್ತೆತ್ತಿದರು. "ನೀನಾ? ನೀನ್ಯಾವ್ ತೌರ್ನೋಳೇ?"

"ಪರಸ್ತಾನದ ಗಂಟು ಎಲ್ ಮಲ್ಗಿತ್ತು ಯೋಳಿ. ನಮ್ಮನೇಲಿ. ಗಂಟು ಓದ್ರೆ ಮನುಸ್ರು ಓದಂಗೆ ಅಂತ ಯೋಳೋರು ನೀವೇ ತಾನೆ? ಅಂಗಾರೆ ರಾತ್ರಿಯೆಲ್ಲ ನಿಮ್ ಸೊಸೆ ನಮ್ಮನೇಲಿ ಇದ್ಲು. ನಮ್ಮನೇಲಿ ಮಲ್ಗೆದ್ದೋಳು ನಮ್ ಮಗ್ಳಲ್ವಾ? ನಮ್ ಮಗ್ಳ ನಾನ್ ಕರ್ಕಂಡೋಯ್ತೀನಿ."

"ಗಂಟೆಲ್ಲಿ? ವಾಪಸ್ ತಂದ್ಯಾ?" ಅತ್ತೆಯ ಧ್ವನಿಯಲ್ಲಿ ಒಂದು ಆಸೆ ಇಣುಕಿತು. ಗಂಟು ಮರಳಿದ್ದರೆ ಪ್ರಸ್ಥಾನ ಕೆಟ್ಟಂತೆ.

"ತತ್ತೀನಾ? ನಂಗೊತ್ತಿಲ್ವಾ? ನಿಮ್ ಯಜಮಾನ್ರ ಕೊಡೆ ಎಷ್ಟ್ ದಪ ಮಡಗಿವ್ನಿ! ಗಂಟು ಆಗ್ಲೇ ಬಸ್ಸಲ್ಲದೆ. ನಮ್ಮಕ್ಕನೂ ಬೆಂಗ್ಳೂರ್ ದಂಡಲ್ಲೇ ಅವ್ಳೆ. ಅವ್ಳನ್ನೂ ನೋಡ್ದಂಗಾಯ್ತದೆ."

ಅತ್ತೆ ಒಂದು ಗಳಿಗೆ ನನ್ನನ್ನು ನೋಡಿದರು, ಒಂದು ಗಳಿಗೆ ಬೂಬಮ್ಮನನ್ನು ನೋಡಿದರು. ಇಬ್ಬರೂ ಸೇರಿ ಹೂಡಿದ ಆಟ ಇದು ಎಂದುಕೊಂಡಿರಬೇಕು. ನಾನು ಹೂಡಿರಲಿಲ್ಲ. ಆದರೆ ಅಲ್ಲಗಳೆಯಲೂ ಹೋಗಲಿಲ್ಲ.

ಕೊನೆಗೆ ಮೊರ ಸರಿಸಿ ಎದ್ದರು. "ಕರಿಯಾಕೆ ಬಂದೋರು ಉಣ್ದೆ ಓಗಂಗಿಲ್ಲ ನಮ್ಮಲ್ಲಿ. ಕೂತ್ಕೊ."

"ಉಣ್ಣನ ಬುಡಿ."

"ಬರೀ ಮುದ್ದೆ ಆಕಾಕಾದದಾ? ತೌರಿಂದ ಬಂದೋರ್ಗೆ ಸಿಹಿ ಮಾಡ್ಬೇಕು. ಪಾಯ್ಸ ಕಾಸ್ತೀನಿ."

ಬಸ್ಸು ಹೊರಡುವ ಹೊತ್ತು ಹತ್ತಿರವಾಗಿತ್ತು. ಪದ್ಧತಿಯಿಂದ ನಾವು ಗೆದ್ದದ್ದನ್ನು ಅವರು ಪದ್ಧತಿಯಿಂದಲೇ ಕಿತ್ತುಕೊಳ್ಳಲು ಹೊರಟಿದ್ದರು. ಸೌದೆ ಹಸಿ, ಬೆಲ್ಲ ಗಟ್ಟಿ, ಏಲಕ್ಕಿ ಎಲ್ಲಿಟ್ಟೆನೋ ಮರೆತೆ ಎನ್ನುತ್ತ ಅತ್ತೆ ಹೊತ್ತು ಕಳೆದರು. ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಬೂಬಮ್ಮ ಮಾತ್ರ ಜಗಲಿಯ ಕಂಬಕ್ಕೆ ಒರಗಿ, ಎಲೆ ಅಡಿಕೆ ಮೆಲ್ಲುತ್ತ, "ಬಸ್ಸೆಲ್ಗೂ ಓಗಾಕಿಲ್ಲ ಕಣಮ್ಮ. ಅದ್ನ ಓಡ್ಸೋರ ಬುತ್ತಿ ನನ್ ಕೈಲದೆ," ಎಂದರು.

ಪಾಯಸ ಆಯಿತು. ಅತ್ತೆ ಪದ್ಧತಿಯಂತೆ ಜಗಲಿಯ ಮೇಲೆ ಬೂಬಮ್ಮನಿಗೆ ಎಲೆ ಹಾಸಿದರು. ನಾನು ಒಳಗೆ ಹೋಗಿ ಇನ್ನೊಂದು ಎಲೆ ತಂದು ಅವರ ಪಕ್ಕದಲ್ಲೇ ಹಾಕಿಕೊಂಡು ಕೂತೆ. ಬೀದಿಯಲ್ಲಿ ನೀರಿಗೆ ಹೋಗುತ್ತಿದ್ದ ಹೆಂಗಸರು ನಿಂತು ನೋಡಿದರು.

"ಒಳಿಕ್ ಬಾಮ್ಮಿ," ಎಂದರು ಅತ್ತೆ, ಹಲ್ಲಿನ ಸಂದಿಯಿಂದ.

"ಕರೆಯೋಕೆ ಬಂದವರ ಜೊತೇಲೇ ಊಟ ಅಲ್ವಾ ಅತ್ತೆ," ಎಂದು ನಾನು ಎಲೆಗೆ ನೀರು ಚಿಮುಕಿಸಿದೆ.

ಅವರು ಬಡಿಸಿದರು. ಮೊದಲು ಬೂಬಮ್ಮನಿಗೆ, ಆಮೇಲೆ ನನಗೆ, ಒಂದು ಸೌಟೂ ಕಡಿಮೆಯಿಲ್ಲದೆ. ನಾನು ಎದ್ದು ಕೈ ತೊಳೆದು ನಮಸ್ಕಾರ ಮಾಡಿದಾಗ ಅತ್ತೆ ಒಂದು ಪೊಟ್ಟಣ ನನ್ನ ಕೈಗೆ ತುರುಕಿದರು. ಅಚ್ಚು ಬೆಲ್ಲ. "ನಿಮ್ಮವ್ವಂಗೆ. ಕಣ್ ಬಂದ್ಮೇಕೆ ಒಂದ್ ಕಿತ ಬಂದು ನಮ್ಮನೆ ನೋಡ್ಲಿ ಅನ್ನು. ನೋಡ್ದೇನೇ ಮಗ್ಳ ಕೊಟ್ಟವ್ಳೆ." ಹೇಳಿ ಒಳಗೆ ನಡೆದುಬಿಟ್ಟರು. ಹೊಸಿಲು ಖಾಲಿಯಿತ್ತು.

ಬಸ್ಸು ನಿಜವಾಗಿಯೂ ಕಾಯುತ್ತಿತ್ತು. ಸಾಬರು ಒಲೆಯ ಪಕ್ಕದ ಹಿಡಿ ತಿರುಗಿಸುತ್ತ ಹೆಂಡತಿಯನ್ನು ಒಮ್ಮೆ ನೋಡಿ, ಬುತ್ತಿಯನ್ನು ಒಮ್ಮೆ ನೋಡಿ ಹತ್ತಿ ಕೂತರು. ಜನ ಬೈದುಕೊಳ್ಳುತ್ತಿದ್ದರು. ಪೂರಿಗಾಲಿಯ ಕಡೆಯಿಂದ ಬಂದಿದ್ದ ಒಬ್ಬ ಯಜಮಾನರು ಮಾತ್ರ ಬೈಯದೆ ನಮ್ಮನ್ನೇ ನೋಡಿ, "ಯಾವೂರ್ಗೆ ಓಯ್ತಿದ್ದೀರಾ? ಗಂಡಸ್ರು ಯಾರೂ ಇಲ್ವಾ ಜೊತೇಲಿ?" ಎಂದು ಕೇಳಿದರು.

"ಇಲ್ದೇ ಏನು? ಅಗೋ, ಬಸ್ ಓಡಿಸ್ತಾ ಅವ್ರಲ್ಲ," ಎಂದರು ಬೂಬಮ್ಮ. "ಅವ್ರಿಲ್ದಿದ್ರೆ ನೀವು ಗಂಡಸ್ರೆಲ್ಲ ಮದ್ದೂರ್ಗೆ ನಡ್ಕಂಡೇ ಓಗ್ಬೇಕು."

ಬಸ್ಸೆಲ್ಲ ನಕ್ಕಿತು. ಯಜಮಾನರೂ ನಕ್ಕರು.

ಊರು ದಾಟಿ ಸ್ವಲ್ಪ ದೂರಕ್ಕೆ ಏರು ಬಂತು. ಏರು ಬಂದರೆ ಇದ್ದಿಲಿನ ಬಸ್ಸು ಕೆಮ್ಮಿ ನಿಲ್ಲುತ್ತದೆ, ಎಲ್ಲರೂ ಇಳಿಯಬೇಕು, ಗಂಡಸರು ತಳ್ಳಬೇಕು. ಆ ದಿನ ನಾನೂ ಕೈ ಹಚ್ಚಿದೆ. ತಗಡು ಬಿಸಿಯಾಗಿತ್ತು, ಅಂಗೈಗೆ ಮಸಿ ಹತ್ತಿತು. ಆಗ ಮೂಡಲ ದಿಕ್ಕಿನಲ್ಲಿ ಒಂದು ಮೊರೆತ. ಬೆಳ್ಳಗಿನ ಒಂದು ವಿಮಾನ ಬಿಸಿಲಿಗೆ ಹೊಳೆಯುತ್ತ ತೆಂಕಲಿಗೆ ಹೋಗುತ್ತಿತ್ತು. ತಳ್ಳುತ್ತಿದ್ದವರೆಲ್ಲ ಕೈ ಬಿಟ್ಟು ಹಣೆಗೆ ಅಡ್ಡ ಹಿಡಿದರು. ಬಸ್ಸು ಒಂದು ಮಾರು ಹಿಂದಕ್ಕೆ ಜಾರಿತು.

"ಇಡ್ಕಳ್ರಲಾ!" ಎಂದು ಸಾಬರು ಒಳಗಿಂದ ಕೂಗಿದರು.

ಯಾರೋ ಕೇಳಿದರು, "ಇವತ್ತು ಸೋಮಾರ. ಅವ್ರ್ಗೆ ಸೂಲ ಇಲ್ವಾ?"

"ತೆಂಕ್ಲಾಗಲ್ವಾ ಓಯ್ತಿರಾದು? ಇಲ್ಲ ಬುಡು."

"ಮೂಡ್ಲಾಗೆ ಓದ್ರೆ?"

"ಓದ್ರೂವೆ ಇಲ್ಲ ಕಣ್ಲಾ," ಎಂದರು ಯಜಮಾನರು, ತೀರ್ಪು ಕೊಡುವವರ ಹಾಗೆ. "ನೆಲ ತುಳಿದ್ರೆ ತಾನೆ ಸೂಲ ಚುಚ್ಚಾದು? ಅದು ಗಾಳೀಲಿ ಓಯ್ತದೆ."

"ಅದರಲ್ಲಿ ಕೂತರೆ ಇಲ್ಲಿಂದ ಬೆಂಗಳೂರಿಗೆ ಅರ್ಧ ಗಂಟೆ," ಎಂದೆ ನಾನು. ಅಷ್ಟು ಜನ ಗಂಡಸರ ನಡುವೆ ನಾನಾಗಿ ಬಾಯಿಬಿಟ್ಟದ್ದು ಅದೇ ಮೊದಲು.

ಯಜಮಾನರು ನನ್ನನ್ನು ಕನಿಕರದಿಂದ ನೋಡಿದರು. "ಅರ್ಧ ಗಂಟೆನಾ? ಅರ್ಧ ಗಂಟೆಗೆ ನಮ್ ಎಮ್ಮೆ ಕೆರೆಯಿಂದ ಮೇಲಕ್ಕೇ ಏಳಾಕಿಲ್ಲ ಕಣವ್ವ."

ಮದ್ದೂರಿಗೆ ಬಂದಾಗ ಬಿಸಿಲು ನೆತ್ತಿ ದಾಟಿತ್ತು. ಸ್ಟೇಷನ್ನಿನಲ್ಲಿ ಟಿಕೆಟು ಕೊಡುವವರು ಕಿಂಡಿಯಿಂದ ಬಗ್ಗಿ ನಮ್ಮ ಹಿಂದೆ ಯಾರಾದರೂ ಗಂಡಸರು ಇದ್ದಾರೆಯೇ ಎಂದು ಹುಡುಕಿದರು. ನಾನು ಕೈ ಚಾಚಿಯೇ ನಿಂತೆ. ಹುಡುಕಿ ಮುಗಿದ ಮೇಲೆ ಟಿಕೆಟು ಕೊಟ್ಟರು.

ರೈಲು ಶಿಂಷಾ ಸೇತುವೆಯ ಮೇಲೆ ದಡದಡ ಎಂದಾಗ ಬೂಬಮ್ಮ ಕಣ್ಣು ಮುಚ್ಚಿ ಏನೋ ಹೇಳಿಕೊಂಡರು. ನಾನು ಕಿಟಕಿಯಲ್ಲಿ ಶಿವಪುರದ ಬಯಲು ಎಲ್ಲಿ ಎಂದು ನೋಡುತ್ತಿದ್ದೆ. ನನ್ನ ಮದುವೆಗೆ ಮುಂಚೆ ಅಲ್ಲಿ ಕಾಂಗ್ರೆಸ್ಸಿನವರು ಸರ್ಕಾರದ ಅಪ್ಪಣೆ ಮೀರಿ ಬಾವುಟ ಹಾರಿಸಿದಾಗ ನನ್ನ ಗಂಡ ಮನೆಯಲ್ಲಿ ಒಂದು ಮಾತೂ ಹೇಳದೆ ಹೋಗಿ, ಎರಡು ದಿನ ಬಿಟ್ಟು ಬಂದಿದ್ದರಂತೆ. ಅತ್ತೆ ಅದನ್ನು ಊರಿಗೆಲ್ಲ ಹೇಳಿ ಹಿಗ್ಗುತ್ತಿದ್ದರು. "ಯೋಳ್ದೆ ಓದ ನನ್ ಮಗ. ಗಂಡೆದೆ!" ಮಗ ಹೇಳದೆ ಹೋದದ್ದು ಗಂಡೆದೆ. ನಾನು ಹೇಳಿ, ಕೇಳಿಸಿಕೊಂಡು, ಉಂಡು, ಮುಂಬಾಗಿಲಲ್ಲಿ ಹೊರಟಿದ್ದೆ. ಇದಕ್ಕೆ ಏನೆಂದು ಹೆಸರಿಡುತ್ತಾರೋ ಇಡಲಿ ಎಂದು ಕಿಟಕಿಯ ಗಾಜು ಇನ್ನೂ ಕೆಳಗಿಳಿಸಿದೆ.

ಬೆಂಗಳೂರಿನಲ್ಲಿ ಜಟಕಾ ಇಳಿದಾಗ ದೀಪ ಹಚ್ಚುವ ಹೊತ್ತು. ಅಣ್ಣ ಬಾಗಿಲು ತೆರೆದು ನನ್ನನ್ನೂ ಬೂಬಮ್ಮನನ್ನೂ ನೋಡಿ ತಬ್ಬಿಬ್ಬಾದ.

"ಯಾರು ಕರ್ಕೊಂಡು ಬಂದ್ರು ನಿನ್ನ?"

"ನನ್ನ ತೌರಿನವರು," ಎಂದೆ.

ಒಳಗಿನಿಂದ ತಾಯಿ ನನ್ನ ಧ್ವನಿ ಕೇಳಿ ಎದ್ದರು. ಗೋಡೆ ಹಿಡಿದು ಬಂದು, ನನ್ನ ಭುಜ ಹಿಡಿದು ವಿದ್ಯುದ್ದೀಪದ ಕೆಳಗೆ ಕೂರಿಸಿದರು. ಕಾಣುವ ಕಣ್ಣಿನ ಕಡೆಗೆ ನನ್ನ ಮುಖ ತಿರುಗಿಸಿಕೊಂಡು, ತೀರ ಹತ್ತಿರಕ್ಕೆ ಬಂದರು. ಅವರ ಉಸಿರು ನನ್ನ ಕೆನ್ನೆಗೆ ತಾಗುತ್ತಿತ್ತು. ಹಣೆ, ಹುಬ್ಬು, ಮೂಗು, ಒಂದೊಂದನ್ನೂ ನೋಡಿದರು. ನನಗೆ ಕಣ್ಣು ಮಿಟುಕಿಸಲೂ ಭಯ.

"ಕಪ್ಪಾಗಿದ್ದೀಯ," ಎಂದರು. ಸ್ವಲ್ಪ ತಡೆದು, "ಇಲ್ಲ, ಇದು ಮಸಿ. ಇಲ್ಲೊಂದು ಕಡೆ."

ಬಸ್ಸು ತಳ್ಳಿದ ಕೈಯಲ್ಲಿ ಎಲ್ಲೋ ಮುಖ ಒರೆಸಿಕೊಂಡಿದ್ದೆ. ಅಣ್ಣನಿಗೆ ಅದು ಕಂಡಿರಲಿಲ್ಲ. ತಾಯಿ ಸೆರಗಿನ ತುದಿ ನಾಲಿಗೆಗೆ ಒತ್ತಿ, ಶಾಲೆಗೆ ಕಳಿಸುವಾಗ ಒರೆಸುತ್ತಿದ್ದ ಹಾಗೆ ಗಟ್ಟಿಯಾಗಿ ಒರೆಸಿದರು. ಮತ್ತೆ ನೋಡಿದರು. "ಹಾಂ, ಈಗ ಸರಿ," ಎಂದರು. ಆಮೇಲೆಯೇ ಅಳಲು ಶುರು ಮಾಡಿದರು. ಕಣ್ಣಿಗೆ ಒಳ್ಳೆಯದಲ್ಲ ಎಂದು ಅಣ್ಣ ಗದರಿಸಿದ.

ಎಲ್ಲರೂ ಕಾಫಿಗೆ ಕೂತೆವು. ಇಲ್ಲಿ ಸಕ್ಕರೆಯಿತ್ತು. ಆದರೂ ತಾಯಿ ಅತ್ತೆ ಕೊಟ್ಟ ಬೆಲ್ಲವನ್ನೇ ಹಾಕಿಸಿಕೊಂಡರು. ನಾಳೆ ವಿಮಾನದಲ್ಲಿ ಕೂರುವ ಭಯ ಹೋಗಲೆಂದು ಅಣ್ಣ ಅವರಿಗೆ ಅದರ ಸುಖವನ್ನೆಲ್ಲ ವರ್ಣಿಸುತ್ತಿದ್ದ. "ಮದ್ರಾಸಿನಿಂದ ಇಲ್ಲಿಗೆ ಬರೀ ಒಂದೂವರೆ ಗಂಟೆ ಅಮ್ಮ. ಕಾಫಿ ಕೊಟ್ಟು ಲೋಟ ತೆಗೆಯೋದರೊಳಗೆ ಬೆಂಗಳೂರು. ಇಲ್ಲಿ ನನ್ನನ್ನ ಇಳಿಸಿ ಅದೇ ವಿಮಾನ ಕೊಯಮತ್ತೂರಿಗೆ ಹೋಯ್ತು." ನನ್ನ ಕಡೆ ತಿರುಗಿ, "ನಿಮ್ಮೂರ ಹತ್ತಿರವೇ ಹೋಗಿರಬೇಕು," ಎಂದ.

"ಕಂಡೆವು," ಎಂದೆ. "ಆಗ ನಾವು ಬಸ್ಸು ತಳ್ಳುತ್ತಿದ್ದೆವು."

"ಒಂದೂವರೆ ಗಂಟೆನಾ?" ಬೂಬಮ್ಮ ಬಸಿಯಲ್ಲಿ ಕಾಫಿ ಊದುತ್ತ ಕೇಳಿದರು. "ಗೌಡ್ತಮ್ಮ ಪಾಯ್ಸ ಕಾಸಾಕೇ ಅಷ್ಟೊತ್ತಾಯ್ತು ಕಣಪ್ಪ."

ತಾಯಿ ನಕ್ಕರು. ಅಣ್ಣನಿಗೆ ಏನೂ ಅರ್ಥವಾಗದಿದ್ದರೂ ಅವನೂ ನಕ್ಕ. ಆಮೇಲೆ ಸ್ವಲ್ಪ ಪೆಚ್ಚಾಗಿ, "ನಾನೇ ಬಂದು ಕರ್ಕೊಂಡು ಬರಬೇಕಿತ್ತು. ಮುಂದಿನ ಸಲ ಖಂಡಿತ ಬರ್ತೀನಿ," ಎಂದ.

"ಬೇಡ," ಎಂದೆ ನಾನು, ಮೆಲ್ಲಗೆ. "ಇನ್ನು ಮೇಲೆ ಕರೆಯೋಕೆ ಯಾರೂ ಬರಬೇಡಿ. ಬರಬೇಕು ಅನ್ನಿಸಿದಾಗ ನಾನೇ ಬರ್ತೀನಿ."

ಅಣ್ಣ ತಾಯಿಯ ಮುಖ ನೋಡಿದ. ತಾಯಿ ನನ್ನ ಅಂಗೈ ಬಿಡಿಸಿ, ಅದರಲ್ಲಿ ಉಳಿದಿದ್ದ ಮಸಿಯನ್ನು ಹೆಬ್ಬೆರಳಿನಿಂದ ತಡವುತ್ತಿದ್ದರು.

ಅಕ್ಕನ ಮನೆಗೆ ಹೊರಡಲು ಬೂಬಮ್ಮ ಎದ್ದರು. ಬಾಗಿಲವರೆಗೆ ಹೋಗಿ, ಅವರೊಂದಿಗೇ ಹಿಂತಿರುಗುವ ಲೆಕ್ಕದಲ್ಲಿ, ಊರಿಗೆ ಯಾವತ್ತು ಹೊರಡೋಣ ಎಂದು ಕೇಳಿದೆ. ಅವರು ಬಗ್ಗಿ ಚಪ್ಪಲಿಗೆ ಕಾಲು ತೂರಿಸುತ್ತ, ನನ್ನ ಕಡೆ ನೋಡದೆಯೇ ಹೇಳಿದರು:

"ನಮ್ಮಕ್ಕ ಎಷ್ಟ್ ದಿನ ಇರುಸ್ಕತ್ತಾಳೋ ಏನೋ, ನೀವು ನನ್ ಕಾಯ್ಕಂಡ್ ಕೂರ್ಬ್ಯಾಡಿ. ದಾರಿ ಕಂಡಿದ್ದೀರಲ್ಲ, ಬಂದ್ಬುಡಿ."